ಶಿಬಿಗೂ ಭಾಗೀರಥಿಗೂ ನಡುವೆ

ಕವಲೇದುರ್ಗಕ್ಕೆ ಹೋಗೋಣ ಅಂದವಳು ಅಕ್ಕ. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮಳೆ ಹಿಂದಾಗಿ ಗದ್ದೆಯ ಬದು ಒಣಗತೊಡಗಿದ ಹೊತ್ತು. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರದ ಕೋಟೆ ಅದು. ಆ ಸೀಮೆಯಲ್ಲೇ ಹುಟ್ಟಿ ಬೆಳೆದ ನಾವಿಬ್ಬರೂ ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲ. ಶಾಲೆಯ ಪ್ರವಾಸವೆಂದರೆ ಆಗ ಚಿತ್ರದುರ್ಗ, ಹಂಪಿ. ಚಿತ್ರದುರ್ಗಕ್ಕೆ ಓಬವ್ವನ ಕಿಂಡಿಯಿದೆ, ತರಾಸು ಅವರ ಕಾದಂಬರಿಗಳಿವೆ. ಕವಲೇದುರ್ಗಕ್ಕೆ ಇರುವುದು ಮಳೆ, ಪಾಚಿ ಮತ್ತು ಜಿಗಣೆ.

ಊರಿನ ಕೊನೆಯ ಮನೆ ದಾಟಿ, ಗದ್ದೆಯಂಚಿನಲ್ಲಿ ನಡೆದು ಕಾಡು ಹೊಕ್ಕರೆ ಚಪ್ಪಡಿ ಹಾಸಿದ ದಾರಿ ಮೇಲೇರುತ್ತದೆ. ಗುಡ್ಡದ ಮೈಯನ್ನೇ ಅನುಸರಿಸಿ ಸುತ್ತುವ ಮೂರು ಸುತ್ತಿನ ಕೋಟೆ. ಒಂದೊಂದು ಕಲ್ಲೂ ಎರಡಾಳು ತಬ್ಬಿದರೂ ಸಿಗದಷ್ಟು ದಪ್ಪ. ಪ್ರತಿ ಸುತ್ತಿಗೂ ಒಂದು ಬಾಗಿಲು, ಬಾಗಿಲ ಇಕ್ಕೆಲದಲ್ಲಿ ಕಾವಲುಗಾರರ ಕೋಣೆ. ಹೊರಗಿನಿಂದ ಬಂದವನಿಗೆ ಬಾಗಿಲು ನೇರವಾಗಿ ಕಾಣುವುದಿಲ್ಲ, ಗೋಡೆಯ ಪಕ್ಕದಲ್ಲೇ ತಿರುಗಿಕೊಂಡು ಬರಬೇಕು. ಕೆಳದಿ ಅರಸರಲ್ಲಿ ವೆಂಕಟಪ್ಪ ನಾಯಕ ಇದನ್ನು ಭದ್ರಪಡಿಸಿದ, ಇಲ್ಲಿ ಅರಮನೆ, ಮಠ, ಕಣಜ, ಲಾಯಗಳಿದ್ದವು ಅನ್ನುತ್ತದೆ ಚರಿತ್ರೆ. ಭುವನಗಿರಿ ಎಂದೂ ಇದಕ್ಕೆ ಹೆಸರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯವರ ಕಾಲ ಮುಗಿಯಿತು.

ಎರಡನೆಯ ಬಾಗಿಲ ಹತ್ತಿರ ಅಕ್ಕ ಕುಳಿತಳು. ಅವಳಿಗೆ ಈಗ ಐವತ್ತೆಂಟು. ಪ್ರೈಮರಿ ಶಾಲೆಯ ಮೇಡಂ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಉಸಿರು ಹಿಡಿದುಕೊಂಡು, "ಚೆನ್ನಮ್ಮನ ಪಾಠ ಮಾಡಿ ಮಾಡಿ ಬಾಯಿಪಾಠ ಆಗಿದೆ. ಅವಳ ಕೋಟೆ ಒಂದು ಸಲನಾದ್ರೂ ನೋಡ್ಬೇಕಲ್ಲ ಮಾರಾಯ" ಅಂದಳು.

ಆ ಪಾಠ ನಮಗೆಲ್ಲ ಗೊತ್ತು. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ಶಿವಾಜಿಯ ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿ ಕೋಟೆಯತ್ತ ಹೊರಟ. ಬೆನ್ನ ಹಿಂದೆ ಮೊಘಲ್ ಸೈನ್ಯ. ದಾರಿ ಕೆಳದಿ ರಾಜ್ಯದ ಮೂಲಕ. ಆಗ ಆಳುತ್ತಿದ್ದವಳು ಗಂಡ ಸೋಮಶೇಖರ ನಾಯಕನನ್ನು ಕಳೆದುಕೊಂಡು ವರ್ಷಗಳೇ ಆಗಿದ್ದ ಚೆನ್ನಮ್ಮ. ಅವಳು ರಾಜಾರಾಮನಿಗೆ ಆಶ್ರಯ ಕೊಟ್ಟಳು, ಮುಂದಕ್ಕೆ ದಾಟಿಸಿದಳು. ಔರಂಗಜೇಬನ ಸೈನ್ಯ ಕೆಳದಿಯ ಮೇಲೆ ಬಂತು, ಚೆನ್ನಮ್ಮ ಎದುರಿಸಿದಳು, ಕೊನೆಗೆ ಒಪ್ಪಂದದಲ್ಲಿ ಮುಗಿಯಿತು. ನಾವು ಶಾಲೆಯಲ್ಲಿ ಕೇಳಿದ ಕಥೆಯಲ್ಲಿ ಮಂತ್ರಿಗಳು ಬೇಡವೆನ್ನುತ್ತಾರೆ. ಶರಣು ಬಂದವರನ್ನು ಕಾಯುವುದು ನಮ್ಮ ಧರ್ಮ ಎಂದು ರಾಣಿ ಅವರ ಬಾಯಿ ಮುಚ್ಚಿಸುತ್ತಾಳೆ. ಆ ಜಾಗಕ್ಕೆ ಬಂದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮ ಮನೆಯಲ್ಲೂ ಅಂಥದೇ ಒಂದು ಕಥೆ ಇದೆ. ಅದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ.

1987ರ ಆಷಾಢ. ನನಗೆ ಹದಿನಾಲ್ಕು, ಅಕ್ಕನಿಗೆ ಇಪ್ಪತ್ತು. ರಾತ್ರಿ ಹತ್ತರ ಮೇಲೆ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಅಪ್ಪ ಊರಲ್ಲಿರಲಿಲ್ಲ. ಅಮ್ಮ ಲಾಟೀನು ಹಿಡಿದು ತೆಗೆದರೆ, ನಮ್ಮೂರಿನ ದೊಡ್ಡ ಮನೆತನವೊಂದಕ್ಕೆ ಹಿಂದಿನ ವರ್ಷವಷ್ಟೇ ಸೊಸೆಯಾಗಿ ಬಂದಿದ್ದ ಹುಡುಗಿ. ಕಂಬಳಿಕೊಪ್ಪೆಯಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಹುಬ್ಬಿನ ಮೇಲೆ ಒಡೆದ ಗಾಯ. ಅಮ್ಮ ಏನೂ ಕೇಳಲಿಲ್ಲ. ಬಚ್ಚಲ ಒಲೆಯ ಮುಂದೆ ಕೂರಿಸಿ, ಅಕ್ಕನ ಸೀರೆ ಕೊಟ್ಟು, ಗಂಜಿ ಬಡಿಸಿದಳು. ಬೆಳಿಗ್ಗೆ ಗಂಡನ ಮನೆಯವರು ಬಂದು ಅಂಗಳದಲ್ಲಿ ನಿಂತರು. ಅಮ್ಮ ಜಗಲಿಯ ಮೇಲೆ ನಿಂತು, "ಅವಳ ಅಣ್ಣ ಬರೋವರೆಗೆ ಈ ಮನೆಯಿಂದ ಅವಳು ಹೊರಗೆ ಬರೋದಿಲ್ಲ" ಅಂದಳು. ಅಷ್ಟೇ. ಹನ್ನೊಂದು ದಿನವಾದ ಮೇಲೆ ಅಣ್ಣ ಬಂದು ಕರೆದುಕೊಂಡು ಹೋದ. ಆ ಹುಡುಗಿ ಮುಂದೆ ನರ್ಸಿಂಗ್ ಓದಿದರು, ಮತ್ತೊಂದು ಮದುವೆಯಾದರು, ಅವರಿಗೀಗ ಬೆಳೆದ ಮಗಳಿದ್ದಾಳೆ.

ಕಾಲೇಜಿನಲ್ಲಿ, ಆಮೇಲೆ ಕೆಲಸದ ಜಾಗದಲ್ಲಿ, ಧೈರ್ಯದ ಮಾತು ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತಿದ್ದೆ. ಕೇಳಿದವರು ಅಮ್ಮನನ್ನು ಹೊಗಳುತ್ತಿದ್ದರು. ಆ ಹೊಗಳಿಕೆಯ ಒಂದು ಪಾಲು ಸುಮ್ಮನೆ ನನಗೂ ಸಿಗುತ್ತಿತ್ತು. ಕಥೆಯನ್ನು ನಾನು ಜಗಲಿಯ ಮೇಲಿನ ಆ ಮಾತಿಗೇ ನಿಲ್ಲಿಸುತ್ತಿದ್ದೆ. ಮುಂದಿನದನ್ನು ಹೇಳುತ್ತಿರಲಿಲ್ಲ. ಮುಂದಿನದು ಅಕ್ಕನದು.

ಆ ಮಾಗಿಯಲ್ಲಿ ಅಕ್ಕನ ಮದುವೆ ಎಂದು ಮಾತಾಗಿತ್ತು. ಹುಡುಗನನ್ನು ಅವಳು ಮೆಚ್ಚಿದ್ದಳು. ನನ್ನ ಕೈಯಲ್ಲೇ ಒಂದೆರಡು ಸಲ ಅವನಿಗೆ ಪುಸ್ತಕ ಕಳಿಸಿದ್ದಳು. ಆ ಮನೆಯವರಿಗೂ ದೊಡ್ಡ ಮನೆತನಕ್ಕೂ ನೆಂಟಸ್ತಿಕೆ ಇತ್ತು. ಶ್ರಾವಣ ಬರುವಷ್ಟರಲ್ಲಿ, ಜಾತಕ ಮತ್ತೊಮ್ಮೆ ನೋಡಿಸಿದೆವು, ಕೂಡಿಬರಲಿಲ್ಲ ಎಂದು ಹೇಳಿಕಳಿಸಿದರು. ಆಮೇಲೆ ಬಂದ ಎರಡು ಪ್ರಸ್ತಾಪಗಳೂ ಊರೊಳಗೆ ಬಂದು ವಿಚಾರಿಸಿ ವಾಪಸು ಹೋದವು. ಅಕ್ಕ ಟೀಚರ್ಸ್ ಟ್ರೈನಿಂಗ್ ಮಾಡಿಕೊಂಡಳು, ನೌಕರಿ ಸಿಕ್ಕಿತು, ಅಪ್ಪನನ್ನೂ ಅಮ್ಮನನ್ನೂ ಕೊನೆಯವರೆಗೆ ನೋಡಿಕೊಂಡಳು. ಮದುವೆಯಾಗಲಿಲ್ಲ. ಅದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಶುರುವಾದದ್ದು ಅಲ್ಲಿಂದ.

ಅಮ್ಮನ ಹದಿಮೂರನೇ ದಿನದ ಊಟಕ್ಕೆ ಆ ಹುಡುಗಿ ಬಂದರು. ಈಗ ತಲೆ ನರೆತ ಹೆಂಗಸು, ಜೊತೆಗೆ ಮಗಳು. ಅಮ್ಮನ ಫೋಟೋಕ್ಕೆ ಅಡ್ಡಬಿದ್ದು ಬಹಳ ಹೊತ್ತು ಏಳಲಿಲ್ಲ. ಎಲ್ಲರ ಕಣ್ಣಲ್ಲೂ ನೀರು. ನಾನು ಎರಡು ಮಾತಾಡಿದೆ, ಅದೇ ಕಥೆ ಹೇಳಿದೆ, ಜಗಲಿಯ ಮಾತಿಗೆ ನಿಲ್ಲಿಸಿದೆ. ನಿಲ್ಲಿಸಿ ತಿರುಗಿ ನೋಡಿದರೆ ಅಕ್ಕ ಅಲ್ಲಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿದ್ದಳು.

ಕೋಟೆ ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ಖಾಲಿ ಜಾಗ.

ಶರಣು ಬಂದವರನ್ನು ಕಾಯುವ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಶಿಬಿ. ಪಾರಿವಾಳ ಬಂದು ತೊಡೆಯ ಮೇಲೆ ಕೂತಿತು, ಹಿಂದೆ ಗಿಡುಗ ಬಂತು, ರಾಜ ತನ್ನ ತೊಡೆಯ ಮಾಂಸ ಕೊಯ್ದು ತಕ್ಕಡಿಗೆ ಇಟ್ಟ. ಮಹಾಭಾರತದ ವನಪರ್ವದಲ್ಲಿ ಈ ಕಥೆ ಉಶೀನರನ ಹೆಸರಿನಲ್ಲೂ ಬರುತ್ತದೆ. ಅಲ್ಲಿ ಗಿಡುಗ ಆಡುವ ಮಾತನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ನನ್ನ ಆಹಾರ ನೀನು ಕಿತ್ತುಕೊಂಡರೆ ನಾನು ಸಾಯುತ್ತೇನೆ, ನನ್ನ ಹಿಂದೆ ನನ್ನ ಹೆಂಡತಿ ಮಕ್ಕಳೂ ಸಾಯುತ್ತಾರೆ, ಒಂದು ಜೀವ ಉಳಿಸಲು ಹೋಗಿ ಇಷ್ಟು ಜೀವ ತೆಗೆಯುತ್ತೀಯ, ಇದು ಎಂಥ ಧರ್ಮ ಎಂದು ಅದು ಕೇಳುತ್ತದೆ. ಬಲವಾದ ಪ್ರಶ್ನೆ. ರಾಜ ಅದಕ್ಕೆ ಮಾತಿನಲ್ಲಿ ಗೆಲ್ಲುವುದಿಲ್ಲ. ಬೆಲೆಯನ್ನು ತನ್ನ ಮೈಯಿಂದಲೇ ತೆಗೆದಿಡುತ್ತಾನೆ. ಆಶ್ರಯ ಕೊಟ್ಟವನೂ ಅವನೇ, ತೆತ್ತವನೂ ಅವನೇ. ಅದಕ್ಕೇ ಆ ಕಥೆಯಲ್ಲಿ ಎಲ್ಲೂ ಮುಳ್ಳು ಚುಚ್ಚುವುದಿಲ್ಲ.

ಚೆನ್ನಮ್ಮನಿಗೆ ಆ ಅನುಕೂಲ ಇರಲಿಲ್ಲ. ರಾಣಿಯ ತಕ್ಕಡಿಗೆ ಅವಳ ತೊಡೆಯೊಂದೇ ಸಾಲದು. ಸೈನ್ಯ ಬಂದರೆ ಗಡಿಯ ಊರು ಮೊದಲು ಉರಿಯುತ್ತದೆ, ಕಾಲಾಳು ಮೊದಲು ಸಾಯುತ್ತಾನೆ. ಅವರನ್ನು ಯಾರೂ ಕೇಳಿರುವುದಿಲ್ಲ. ನಮ್ಮಮ್ಮನ ತಕ್ಕಡಿಗೆ ಅಕ್ಕ ಬಂದಳು. ಅವಳನ್ನೂ ಯಾರೂ ಕೇಳಲಿಲ್ಲ.

ಹಾಗಾದರೆ ಇದು 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯೇ? ಕೆರೆ ಕಟ್ಟಿಸಿದ ಮಲ್ಲನಗೌಡ, ಹನಿ ನೀರು ಬರಲಿಲ್ಲ, ಕಿರಿಯ ಸೊಸೆಯನ್ನು ಕೊಡುವುದೆಂದು ಹಿರಿಯರು ನಿಶ್ಚಯಿಸಿದರು. ಭಾಗೀರಥಿಯನ್ನು ಯಾರೂ ಕೇಳಲಿಲ್ಲ. ಅವಳಿಗೆ ಹೇಗೋ ತಿಳಿಯಿತು. ತವರಿಗೆ ಹೋಗಿ ಬಂದಳು, ಅಪ್ಪನಿಗೂ ನಿಜ ಹೇಳಲಿಲ್ಲ. ಊರಿಗೆ ನೀರು ಬಂತು. ಆ ನೀರು ಕುಡಿದವರು ಯಾರೂ ಕೆಟ್ಟವರಲ್ಲ, ಆದರೂ ಆ ಹಾಡು ಕೇಳಿ ಮುಗಿದ ಮೇಲೆ ನೀರು ಗಂಟಲಲ್ಲಿ ಇಳಿಯುವುದಿಲ್ಲ.

ಎಷ್ಟೋ ವರ್ಷ ನಾನು ಹೆದರಿದ್ದು ಈ ಹೋಲಿಕೆಗೇ. ಕೋಟೆಯ ದಾರಿಯಲ್ಲಿ ಅದನ್ನು ಬಿಡಿಸಿ ನೋಡುತ್ತ ಹೋದಂತೆ ಅದು ಪೂರ್ತಿ ಸರಿಯಲ್ಲ ಅನ್ನಿಸಿತು. ಭಾಗೀರಥಿಯನ್ನು ಆರಿಸಿದ್ದರು. ನೀರು ಬರಬೇಕಾದರೆ ಅವಳು ಸಾಯಲೇಬೇಕಿತ್ತು, ಅವಳ ಸಾವೇ ಉಪಾಯ. ಅಮ್ಮ ಅಕ್ಕನನ್ನು ಆರಿಸಲಿಲ್ಲ. ಅಕ್ಕನ ಮದುವೆ ಮುರಿದದ್ದರಿಂದ ಆ ಹುಡುಗಿ ಉಳಿಯಲಿಲ್ಲ. ಮುರಿಯದಿದ್ದರೂ ಉಳಿಯುತ್ತಿದ್ದರು. ಬಾಗಿಲು ತೆಗೆದಾಗ ಹೊಡೆತ ಅಕ್ಕ ನಿಂತಿದ್ದ ಕಡೆಗೆ ಬಿತ್ತು. ಹೊಡೆದವರು ಬೇರೆಯವರು. ಗಿಡುಗಕ್ಕೆ ಮಾಂಸ ತಿನ್ನದೆ ವಿಧಿಯಿಲ್ಲ, ಅದು ಅದರ ಹುಟ್ಟುಗುಣ. ಔರಂಗಜೇಬನಿಗೆ ಸೈನ್ಯ ಕಳಿಸದೆ ವಿಧಿಯಿತ್ತು. ಜಾತಕ ತಿರುಗಿಸಿ ನೋಡಿದವರಿಗೂ ನೋಡದೆ ಇರಲು ವಿಧಿಯಿತ್ತು. ಸೊಸೆಯ ಹುಬ್ಬು ಒಡೆದವರನ್ನು ಬಿಟ್ಟು ಬಾಗಿಲು ತೆಗೆದವಳನ್ನು ಕಟಕಟೆಗೆ ಹತ್ತಿಸುವುದು ಯಾವ ನ್ಯಾಯ?

ಇಷ್ಟಕ್ಕೆ ನಿಲ್ಲಿಸಿದ್ದರೆ ಅಮ್ಮ ಗೆಲ್ಲುತ್ತಿದ್ದಳು, ಚೆನ್ನಮ್ಮನೂ ಗೆಲ್ಲುತ್ತಿದ್ದಳು, ನಾನು ಸಮಾಧಾನದಿಂದ ಇಳಿದು ಬರಬಹುದಿತ್ತು. ಆದರೆ ತಪ್ಪು ಬೇರೆಯವರದು ಎಂದು ತೀರ್ಮಾನವಾದ ಮಾತ್ರಕ್ಕೆ ಅಕ್ಕನ ಕೈಯಿಂದ ಹೋದದ್ದು ಹೋಗಿಲ್ಲ ಎಂದಾಗುವುದಿಲ್ಲ. ಗಡಿಯ ಊರಿನ ತಾಯಿಗೆ, ನಿನ್ನ ಮಗನನ್ನು ಕೊಂದದ್ದು ಔರಂಗಜೇಬನ ಸೈನ್ಯ, ರಾಣಿಯಲ್ಲ ಎಂದರೆ ಅದು ನಿಜ. ಆ ನಿಜದಿಂದ ಅವಳ ಯಾವ ಮಾತಿಗೂ ಉತ್ತರ ಸಿಗುವುದಿಲ್ಲ. ಅವಳು ರಾಣಿಯ ಮೇಲೆ ದೂರು ಹೊತ್ತು ಬಂದಿರಬೇಕೆಂದೂ ಇಲ್ಲ.

ಮೂರನೆಯ ಸುತ್ತಿನೊಳಗೆ ಕಾಶಿ ವಿಶ್ವನಾಥನ ಗುಡಿ. ಅದನ್ನು ದಾಟಿ ಸ್ವಲ್ಪ ಹೋದರೆ ಅರಮನೆಯ ಅಡಿಪಾಯ ಸಿಗುತ್ತದೆ. ಮೇಲಿನದೆಲ್ಲ ಹೋಗಿದೆ, ಉಳಿದಿರುವುದು ನೆಲ. ನೆಲ ನೋಡಿದರೇ ಮನೆ ಗೊತ್ತಾಗುತ್ತದೆ: ಕಂಬಗಳ ಪಡಸಾಲೆ, ದೇವರ ಕೋಣೆ, ನೀರು ಹರಿದು ಹೋಗುವ ಬಚ್ಚಲು, ಅಡುಗೆಮನೆ. ಅಡುಗೆಮನೆಯಲ್ಲಿ ಐದು ಉರಿಯ ಕಲ್ಲಿನ ಒಲೆ. ಅಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೂದಿ ತೆಗೆಯುವವಳ ಹಾಗೆ ಕೈ ಒಳಗೆ ಹಾಕಿ ಒಣಗಿದ ಎಲೆಗಳನ್ನು ಹೊರಗೆಳೆದಳು.

"ಒಬ್ಬರು ಹೆಚ್ಚಿಗೆ ಬಂದ್ರೆ ಇಲ್ಲಿ ಮೊದಲು ಗೊತ್ತಾಗ್ತಿತ್ತು" ಅಂದಳು. "ಅಕ್ಕಿ ಎಷ್ಟು ಹಾಕ್ಲಿ ಅಂತ ಕೇಳ್ಬೇಕಲ್ಲ."

ನನಗೆ ಇನ್ನು ತಡೆಯಲಾಗಲಿಲ್ಲ. ಮೂವತ್ತೆಂಟು ವರ್ಷ ಕೇಳದೆ ಇದ್ದದ್ದನ್ನು ಅಲ್ಲಿ ಕೇಳಿಬಿಟ್ಟೆ. "ಅಕ್ಕಾ, ಅವತ್ತು ಅಮ್ಮ ಬಾಗಿಲು ತೆಗೀಬಾರದಿತ್ತು ಅಂತ ನಿಂಗೆ ಯಾವತ್ತಾದ್ರೂ ಅನ್ನಿಸಿದ್ಯಾ?"

ಅವಳು ತಿರುಗಿ ನೋಡಿದ ರೀತಿಯಲ್ಲಿ ಸಿಟ್ಟಿತ್ತು. "ಎಂತ ಮಾತಾಡ್ತೀಯ? ಆ ಹುಡುಗಿ ಮುಖ ನೀನು ನೋಡಿದ್ಯಾ? ನೀನು ಮಲಗಿದ್ದೆ. ಗಾಯ ತೊಳೆದೋಳು ನಾನು."

ನಾನು ಸುಮ್ಮನಾದೆ. ನನ್ನ ಕಥೆಯಲ್ಲಿ ಗಾಯ ತೊಳೆದವರು ಯಾರೂ ಇರಲಿಲ್ಲ. ಆ ರಾತ್ರಿ ನಾನು ಎಚ್ಚರವಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ನೋಡಿದ್ದು ಯಾವುದು, ಅಮ್ಮನಿಂದ ಕೇಳಿದ್ದು ಯಾವುದು ಎಂದು ಈಗ ಬೇರ್ಪಡಿಸಲಾರೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು. ಆ ಹನ್ನೊಂದು ದಿನ ಹುಡುಗಿ ಮಲಗಿದ್ದು ಅವಳ ಕೋಣೆಯಲ್ಲಿ. ರಾತ್ರಿ ಬೆಚ್ಚಿ ಎದ್ದಾಗ ಕೈ ಹಿಡಿದುಕೊಂಡು ಕೂತವಳು ಅವಳು. ಸಂಬಂಧ ಮುರಿದ ಸುದ್ದಿ ಬಂದಾಗ ಅಮ್ಮ ಒಂದು ದಿನ ಪೂರ್ತಿ ಊಟ ಬಿಟ್ಟಳಂತೆ. ಆದರೆ ಅಕ್ಕನ ಹತ್ತಿರ ಏನೂ ಅನ್ನಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. "ಅಮ್ಮಂಗೆ ಹೆದರಿಕೆ ಮಾರಾಯ. ಎಲ್ಲಿ ನಾನು ಬೈದ್ಬಿಡ್ತೀನೋ ಅಂತ. ಬೈಯೋದೆಂತಕ್ಕೆ? ಅವಳು ಕೇಳಿದ್ರೆ ನಾನೇ ಬಾಗಿಲು ತೆಗೀತಿದ್ದೆ. ಕೇಳ್ಲಿಲ್ಲ. ಅದಕ್ಕೆ ಎಲ್ಲಾರೂ ಅಮ್ಮ ಮಾಡಿದ್ದು, ಅಮ್ಮ ಮಾಡಿದ್ದು ಅಂದ್ರು. ಕಳ್ಕೊಂಡಿದ್ದು ಮಾತ್ರ ನನ್ನ ಪಾಲಿಗೆ ಬಂತು. ಮಾಡಿದ್ದರಲ್ಲಿ ನಂಗೆ ಪಾಲೇ ಇರ್ಲಿಲ್ಲ."

ಇಷ್ಟು ವರ್ಷ ನಾನು ಲೆಕ್ಕ ಹಾಕಿದ ರೀತಿಯೇ ಬೇರೆಯಾಗಿತ್ತು. ಅಮ್ಮ ಪುಣ್ಯ ಮಾಡಿದಳು, ಅಕ್ಕ ಬೆಲೆ ತೆತ್ತಳು, ಇದು ಅನ್ಯಾಯವೇ ಅಲ್ಲವೇ ಎಂದು. ಅಕ್ಕ ಕೇಳುತ್ತಿದ್ದದ್ದು ಬೆಲೆಯನ್ನಲ್ಲ, ಪುಣ್ಯದಲ್ಲಿ ತನ್ನ ಪಾಲನ್ನು. ಅವಳನ್ನು ಪಾಪದವಳು ಎಂದು ಕನಿಕರಿಸಿದ ನಾನು, ಅವಳೂ ಆಶ್ರಯ ಕೊಟ್ಟವಳೇ ಎಂಬುದನ್ನು ನೋಡಿರಲಿಲ್ಲ. ಕನಿಕರದಲ್ಲೂ ಹೀಗೆ ಒಬ್ಬರ ಹೆಸರು ಅಳಿಸಿಹೋಗಬಹುದು.

ತಪ್ಪು ಬೇರೆ, ಋಣ ಬೇರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇದ್ದರೂ ನಾವು ಅವನ್ನು ಕಲೆಸಿಬಿಡುತ್ತೇವೆ. ತಪ್ಪು ಮಾಡಿದವರು ಮಾತ್ರ ಸಾಲಗಾರರು ಎಂದುಕೊಳ್ಳುತ್ತೇವೆ. ಅಮ್ಮನೂ ಹಾಗೇ ತಿಳಿದಿರಬೇಕು. ಅಕ್ಕನ ಹತ್ತಿರ ಆ ಮಾತೆತ್ತಿದರೆ ಬಾಗಿಲು ತೆಗೆದದ್ದು ತಪ್ಪು ಎಂದು ಒಪ್ಪಿದ ಹಾಗಾಗುತ್ತದೆ ಎಂದು ಹೆದರಿರಬೇಕು. ಆದರೆ ಸರಿಯಾದದ್ದನ್ನೇ ಮಾಡಿ ಒಬ್ಬರಿಗೆ ಋಣಿಯಾಗಬಹುದು. ಮಳೆಯಲ್ಲಿ ಬಾಗಿಲು ಬಡಿದಾಗ ಮನೆಮಂದಿಯನ್ನೆಲ್ಲ ಎಬ್ಬಿಸಿ ಒಪ್ಪಿಗೆ ಪಡೆಯಲು ಸಮಯವಿರುವುದಿಲ್ಲ. ರಾಣಿಗೂ ಗಡಿಯ ಊರೂರಿಗೆ ಹೋಗಿ ಕೇಳಲು ಆಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗಿಯನ್ನು ಕೇಳಿದರೂ ಅಂಥ ಹೊತ್ತಿನಲ್ಲಿ ಅವಳು ಇಲ್ಲ ಎನ್ನುವುದಾದರೂ ಹೇಗೆ, ಆ ಕೇಳಿಕೆಯೂ ಒಂದು ಬಗೆಯ ಒತ್ತಾಯವೇ. ಇದೆಲ್ಲ ನಿಜ. ಆದರೆ ಮಾರನೆಯ ದಿನ ಸಮಯವಿರುತ್ತದೆ. ಮೂವತ್ತೆಂಟು ವರ್ಷ ಸಮಯವಿತ್ತು. ನಿನ್ನದೂ ಇದರಲ್ಲಿ ಹೋಯಿತು, ಇದು ನೀನೂ ಮಾಡಿದ್ದು ಎಂದು ಯಾವತ್ತಾದರೂ ಹೇಳಬಹುದಿತ್ತು. ಅಮ್ಮನಿಗೆ ಹೆದರಿಕೆ ಅಡ್ಡ ಬಂತು. ನನಗೆ ಯಾವ ಅಡ್ಡಿಯೂ ಇರಲಿಲ್ಲ. ಕಥೆ ಅಲ್ಲಿಗೇ ನಿಂತರೆ ಚೆನ್ನಾಗಿರುತ್ತದೆ ಅನ್ನುವುದೊಂದೇ ನನ್ನ ಕಾರಣ.

ಚರಿತ್ರೆಯೂ ಕಥೆಯನ್ನು ಜಗಲಿಯ ಮಾತಿಗೇ ನಿಲ್ಲಿಸುತ್ತದೆ. ಕಾವಲುಗಾರನ ಹೆಂಡತಿಯಾದ ಓಬವ್ವನ ಹೆಸರು ಚಿತ್ರದುರ್ಗದಲ್ಲಿ ಉಳಿಯಿತು. ಕೋಟೆಗಳಿಗೆ ಅಂಥ ಅದೃಷ್ಟ ಅಪರೂಪ. ಕವಲೇದುರ್ಗದಲ್ಲಿ ವೆಂಕಟಪ್ಪ ನಾಯಕ ಇದ್ದಾನೆ, ಚೆನ್ನಮ್ಮ ಇದ್ದಾಳೆ. ಈ ಐದು ಉರಿಯ ಒಲೆಗೆ ಸೌದೆ ತುಂಬಿದವಳಿಲ್ಲ. ಎರಡಾಳು ತಬ್ಬಿದರೂ ಸಿಗದ ಕಲ್ಲನ್ನು ಈ ಎತ್ತರಕ್ಕೆ ತಂದು ಕೂರಿಸಿದವರಿಲ್ಲ. ಅವರನ್ನು ನೆನೆದು ಅಯ್ಯೋ ಎನ್ನುವುದು ಸುಲಭ. ಅಕ್ಕನ ಮಾತು ಕೇಳಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಚೆನ್ನಮ್ಮ ಶರಣಾಗತನನ್ನು ಕಾಯ್ದಳು ಎಂದು ಪಾಠ ಮಾಡುವಾಗ, ಕೆಳದಿಯ ಜನ ಕಾಯ್ದರು ಎಂದು ಒಂದು ಸಾಲು ಸೇರಿಸಿದರೆ ರಾಣಿಗೇನೂ ಕಡಿಮೆಯಾಗುವುದಿಲ್ಲ.

ತುದಿಯ ಪುಟ್ಟ ಗುಡಿಯವರೆಗೂ ಹತ್ತಿದೆವು. ದೂರದಲ್ಲಿ ಹಿನ್ನೀರಿನ ಬಿಳಿ ಗೆರೆ, ಕೆಳಗೆ ಅಡಿಕೆ ತೋಟದ ಕಡುಹಸಿರು, ನಾವು ನಡೆದು ಬಂದ ಗದ್ದೆ. ಅಕ್ಕ ಬ್ಯಾಗಿನಿಂದ ಕೊಟ್ಟೆಕಡುಬಿನ ಡಬ್ಬಿ ತೆಗೆದಳು. ತಿನ್ನುತ್ತಾ, ಹದಿಮೂರನೇ ದಿನ ಎದ್ದು ಹೋದದ್ದೇಕೆ ಎಂದು ಕೇಳಿದೆ. ನನ್ನ ಭಾಷಣ ಕೇಳಲಾರದೆ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಅವ್ರು ಕರೆದ್ರು" ಅಂದಳು. "ಫೋಟೋ ಮುಂದಿಂದ ಎದ್ದವರೇ ಅಡುಗೆಮನೆ ಬಾಗಿಲಲ್ಲಿ ನಿಂತು ಸನ್ನೆ ಮಾಡಿದ್ರು. ಒಳಗೆ ಹೋದ ಮೇಲೆ ಮಗಳಿಗೆ ನನ್ನ ತೋರ್ಸಿ, ಇವ್ರ ಸೀರೆ ಉಟ್ಕೊಂಡೇ ನಾನು ಆ ಊರು ಬಿಟ್ಟಿದ್ದು, ಇವ್ರ ಮದುವೆ ನನ್ನಿಂದ ನಿಂತುಹೋಯ್ತು, ಇವ್ರ ಕಾಲಿಗೆ ಬೀಳು ಅಂದ್ರು."

"ನೀನೇನಂದೆ?"

"ಎಂತ ಅನ್ನೋದು? ಎಲೆ ಹಾಕಿದಾರೆ, ಮೊದಲು ಊಟ ಮಾಡಿ ಅಂದೆ."

ಇಳಿಯುವಾಗ ಅವಳು ಮುಂದೆ, ನಾನು ಹಿಂದೆ. ಕೆಳಗಿನ ಬಾಗಿಲ ಹತ್ತಿರ ಕಾಲೇಜು ಹುಡುಗರ ಒಂದು ಗುಂಪು ಹತ್ತಿ ಬರುತ್ತಿತ್ತು. ಒಬ್ಬ ಹುಡುಗ, "ಮೇಲೆ ನೋಡೋಕೆ ಏನಿದೆ ಮೇಡಂ?" ಎಂದು ಅಕ್ಕನನ್ನು ಕೇಳಿದ.

"ಅರಮನೆ ಹತ್ರ ಹೋದ್ರೆ ಅಡುಗೆಮನೆ ಇದೆ. ನೋಡದೆ ಬರ್ಬೇಡಿ" ಅಂದಳು.